ಓದುಗ ನಂಬಿದ್ದು

ಮಾರ್ಚ್ ೪

ಪಂಡಿತೆಗೆ,

ನಾವು ಇಲ್ಲಿ ಇದ್ದ ಹಾಗೇ ಇದ್ದೇವೆ. ಇದಕ್ಕಿಂತ ಚೆನ್ನಾಗಿದ್ದೇವೆ ಎಂದರೆ ಅದು ವ್ಯಾಪಾರದ ಮಾತಾಗುತ್ತದೆ, ತಂಗಿಯ ಹತ್ತಿರ ಅದು ನಡೆಯುವುದಿಲ್ಲ.

ಫೋನು ಬಿಟ್ಟು ಕಾಗದ ಯಾಕೆ ಎಂದು ಕೇಳಬೇಡ. ಅಮ್ಮನಿಗೆ ಬಾಗಿಲು ಬಡಿದರೆ ಕೇಳಿಸುವುದಿಲ್ಲ. ಆದರೆ ನಾನು ಗೋದಾಮಿನ ಮೂಲೆಯಲ್ಲಿ ನಿಂತು ನಿನ್ನೊಡನೆ ಪಿಸುಗುಟ್ಟಿದರೂ ಒಳಗಿನಿಂದ ‘ಅವಳಾ? ಕೊಡಿಲ್ಲಿ’ ಎನ್ನುತ್ತಾಳೆ. ನೀನೂ ಉತ್ತರವನ್ನು ಅಂಗಡಿಯ ವಿಳಾಸಕ್ಕೇ ಹಾಕು.

ನಿನ್ನ ಕೆಲಸವನ್ನು ಗಿರಾಕಿಗಳಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ನನ್ನ ತಂಗಿ ಕಂಪ್ಯೂಟರಿಗೆ ಓದಲು ಕಲಿಸುತ್ತಾಳೆ, ಇಂಟರ್ನೆಟ್ಟಿನಲ್ಲಿ ಯಾರು ಏನು ಬರೆದರೂ ಅದು ಓದುತ್ತದೆ, ಓದಿ ಲೋಕದಲ್ಲಿ ಏನೇನಿದೆ ಎಂದು ತಾನೇ ತಿಳಿದುಕೊಳ್ಳುತ್ತದೆ, ಇವಳು ಕೂತು ಸರಿ-ತಪ್ಪು ಹೇಳುತ್ತಾಳೆ ಅಂತ. ಮುಚ್ಚಿಹೋದ ವಿಮಾ ಕಚೇರಿಯ ಕುರ್ಚಿಗಳನ್ನು ಕೊಳ್ಳಲು ಹೋಗಿದ್ದಾಗ ಅಲ್ಲಿನ ಮ್ಯಾನೇಜರ್ ಮೂಗು ಮುರಿದ. ‘ಅದಕ್ಕೆ ಅಕ್ಷರ ಮೊದಲೇ ಗೊತ್ತಲ್ರೀ?’ ಅಂದ. ‘ಅಕ್ಷರ ಗೊತ್ತು ಸಾರ್, ಅರ್ಥ ಗೊತ್ತಿಲ್ಲ. ನಿಮ್ಮ ಪಾಲಿಸಿ ಓದಿದ ಗಿರಾಕಿ ಹಾಗೆ’ ಅಂದೆ. ಕುರ್ಚಿ ಕೊಡುವಾಗ ಚೌಕಾಸಿ ಮಾಡಲೇ ಇಲ್ಲ.

‘ಜ್ವರ ಬಂತು, ಜ್ವರ ಹೋಯಿತು, ಜ್ವರ ಮತ್ತೆ ಬಂದಿದೆ’ ಎಂದು ಎಲ್ಲ ಕಡೆ ಓದಿ, ಜ್ವರ ಎಂದರೆ ಯಾರೋ ನೆಂಟ ಎಂದುಕೊಂಡಿತ್ತಂತಲ್ಲ ನಿನ್ನ ಶಿಷ್ಯ? ನಿನ್ನ ಅತ್ತಿಗೆ ಇನ್ನೂ ನಗುತ್ತಿದ್ದಾಳೆ. ಅದರದ್ದೇನೂ ತಪ್ಪಿಲ್ಲ ಬಿಡು. ನಮ್ಮ ಸೋದರಮಾವನೂ ಹಾಗೇ ಬರುತ್ತಿದ್ದ, ಬಂದಾಗಲೆಲ್ಲ ಮನೆಯವರು ಮಲಗುತ್ತಿದ್ದರು.

ಈಗ ಕೆಲಸದ ಮಾತು. ಅಷ್ಟೆಲ್ಲ ಓದುವ ಯಂತ್ರ ನಮ್ಮ ತಮ್ಮ, ಚಿಕ್ಕೋನ ಬಗ್ಗೆ ಏನಾದರೂ ಓದಿರಬಹುದೇ? ಕ್ರೇನ್ ಓಡಿಸುವ ಕೆಲಸಕ್ಕೆ ‘ಬಂದರಿನ ಕಡೆ ಹೋಗ್ತಿದ್ದೀನಿ ಅಣ್ಣಾ’ ಎಂದವನದು ಆರು ವರ್ಷದಿಂದ ಸುದ್ದಿಯಿಲ್ಲ. ಆಗಲೇ ನಾನು ಅಲ್ಲಿಗೆ ಹೋಗಿ ಕಂಪನಿಯ ಕಚೇರಿಯಲ್ಲಿ ಕೇಳಿ ಬಂದದ್ದು, ನಮ್ಮ ದಾಖಲೆಯಲ್ಲಿ ಅಂಥವನಿಲ್ಲ ಎಂದು ಅವರು ಕೈ ಆಡಿಸಿದ್ದು ನಿನಗೆ ಗೊತ್ತೇ ಇದೆ. ಅಮ್ಮ ಅವನ ಹೆಸರು ಎತ್ತುವುದಿಲ್ಲ. ಎತ್ತದೇ ಇರುವುದೇ ಕಿವಿಗಡಚಿಕ್ಕುತ್ತದೆ.

ಕೇಳಿ ನೋಡು.

ಅಣ್ಣ


ಮಾರ್ಚ್ ೨೬

ಅಣ್ಣನಿಗೆ,

ಓದುಗನನ್ನು (ನಾವು ಅದನ್ನು ಹಾಗೆ ಕರೆಯುತ್ತೇವೆ, ನಿನ್ನ ‘ಶಿಷ್ಯ’ ಕೇಳಿದರೆ ನಮ್ಮ ಮೇಡಂ ಬೇಸರ ಮಾಡಿಕೊಳ್ಳುತ್ತಾರೆ) ಸ್ವಂತದ ವಿಷಯಕ್ಕೆ ಕೇಳುವ ಹಾಗಿಲ್ಲ. ಕೇಳಿದೆ.

ಮೊದಲು ಒಂದು ಮಾತು ತಿಳಿದುಕೋ. ಅದಕ್ಕೆ ಯಾವುದೂ ಗೊತ್ತಿರುವುದಿಲ್ಲ, ನಂಬಿಕೆ ಇರುತ್ತದೆ, ಅದಕ್ಕೊಂದು ಅಂಕಿ ಇರುತ್ತದೆ. ಒಂದೇ ಕಡೆ ಓದಿದ್ದನ್ನು ಗಾಳಿಮಾತು ಎಂದು ಪಕ್ಕಕ್ಕಿಡುತ್ತದೆ. ಅದೇ ಮಾತು ಬೇರೆ ಬೇರೆ ಕಡೆ ಕಂಡರೆ ಅಂಕಿ ಏರುತ್ತದೆ. ನೂರಕ್ಕೆ ತೊಂಬತ್ತು ದಾಟಿದರೆ ಗಟ್ಟಿ ಎಂದು ಇಟ್ಟುಕೊಂಡು, ಅದರ ಮೇಲೆ ಇನ್ನೊಂದನ್ನು ಕಟ್ಟುತ್ತದೆ.

ಅವನ ಪೂರ್ತಿ ಹೆಸರು ಹಾಕಿದೆ. ಒಂದು ಸಾಲು ಬಂತು. ಇಂಥವನು, ಕ್ರೇನ್ ಚಾಲಕ, ಬಂದರು ಪಟ್ಟಣದಲ್ಲಿ ಕೆಲಸ ಮಾಡುತ್ತಿದ್ದಾನೆ. ನಂಬಿಕೆ ಐವತ್ತೆಂಟು.

‘ಮಾಡುತ್ತಿದ್ದಾನೆ’ ಎಂದಿದೆ ಅಣ್ಣ. ‘ಮಾಡುತ್ತಿದ್ದ’ ಅಲ್ಲ. ನಾನು ಪರದೆಯ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ, ಪಕ್ಕದ ಮೇಜಿನವಳು ‘ಏನ್ರೀ, ಜ್ವರ ಬಂದಿದ್ಯಾ?’ ಎಂದಳು. ನಮ್ಮಲ್ಲಿ ಈಗ ಅದೊಂದು ಜೋಕು.

ಎಲ್ಲಿ ಓದಿತು ಎಂದು ನಮಗೆ ತೋರಿಸುವುದಿಲ್ಲ. ಪುಟದ ಥಳಕು ನೋಡಿ ನಾವು ಸರಿ ಎಂದುಬಿಡುತ್ತೇವೆ ಎಂದು ಮೇಡಂಗೆ ಭಯ. ಮೂಲ ಬೇಕೆಂದರೆ ಅನುಮತಿ ಕೇಳಬೇಕು. ಕೇಳುತ್ತೇನೆ, ಆದರೆ ಯಾಕೆ ಎಂದು ಅವರು ಕೇಳಿದರೆ ಹೇಳಲು ಒಂದು ನೆಪ ಬೇಕು.

ಐವತ್ತೆಂಟು ದೊಡ್ಡದಲ್ಲ. ಅಮ್ಮನಿಗೆ ಹೇಳಬೇಡ.

ತಂಗಿ


ಏಪ್ರಿಲ್ ೯

ಪಂಡಿತೆಗೆ,

ಅಮ್ಮನಿಗೆ ಹೇಳಲಿಲ್ಲ. ಅಮ್ಮನಿಗೆ ಗೊತ್ತಾಯಿತು. ಎರಡಕ್ಕೂ ವ್ಯತ್ಯಾಸವಿದೆ.

ಊಟಕ್ಕೆ ಕೂತಾಗ ನಾನು ಸಿಳ್ಳೆ ಹಾಕುತ್ತಿದ್ದೆನಂತೆ. ನನಗೇ ಗೊತ್ತಿಲ್ಲ. ಅಮ್ಮ ನನ್ನ ಮುಖ ನೋಡಿದಳು. ‘ಸಿಕ್ಕಿದ್ನಾ?’ ಎಂದಳು. ಯಾರು ಎಂದು ಹೇಳಲೇ ಇಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಮಾರುವವನ ಬಾಯಿ, ಒಳ್ಳೆಯ ಮಾಲು ಒಳಗಿಟ್ಟುಕೊಂಡು ಅಂಗಡಿ ಮುಚ್ಚಿದ ಅಭ್ಯಾಸವಿಲ್ಲ.

‘ಐವತ್ತೆಂಟು ಅಂದ್ರೆ ಪಾಸಾ?’ ಎಂದು ಕೇಳಿದಳು.

‘ಪಾಸು ಅಮ್ಮಾ.’

‘ಅವನು ಯಾವತ್ತೂ ಐವತ್ತು ದಾಟಿದೋನಲ್ಲ. ಓದ್ತಿದಾನೆ ಈಗ.’

ಮಾರನೆಯ ದಿನ ನಡುಕೋಣೆಯ ಹಳೆಯ ಸೋಫಾ ಎತ್ತಿಸಿದಳು. ವಕೀಲರ ಕಚೇರಿಯಿಂದ ಬಂದಿದ್ದ ಒಳ್ಳೆಯ ತಿರುಗುವ ಕುರ್ಚಿಯನ್ನು ಮಾರಬಾರದು, ಮನೆಗೆ ತರಬೇಕು ಎಂದಳು. ‘ಅಷ್ಟೆತ್ತರದಲ್ಲಿ ಕೂತು ಕೂತು ಬೆನ್ನು ನೊಂದಿರುತ್ತೆ’ ಅಂತೆ. ಗಿರಾಕಿಗೆ ಮುಂಗಡ ವಾಪಸು ಮಾಡಿದೆ. ಬೈದುಕೊಂಡು ಹೋದ.

ಒಂದು ವಿಷಯ ಸುಮ್ಮನೆ ಕೇಳುತ್ತೇನೆ. ಆ ಅಂಕಿ ಏರಬೇಕೆಂದರೆ ಇನ್ನೂ ನಾಲ್ಕು ಕಡೆ ಅವನ ಮಾತು ಇರಬೇಕು, ಅಲ್ಲವೇ? ಇದ್ದಷ್ಟೂ ಅದು ಚೆನ್ನಾಗಿ ಹುಡುಕುತ್ತದೆಯೇ? ಕುತೂಹಲಕ್ಕೆ ಕೇಳಿದೆ, ನಿನ್ನ ಕೆಲಸ ಅರ್ಥವಾಗಲಿ ಅಂತ.

ಅಣ್ಣ


ಮೇ ೧೭

ಅಣ್ಣನಿಗೆ,

ಎಂಬತ್ತೊಂದು!

ಫೋನಿನಲ್ಲೇ ಕೂಗಿ ಹೇಳಬೇಕೆನಿಸಿತ್ತು, ಅಮ್ಮನಿಗಾಗಿ ತಡೆದುಕೊಂಡೆ. ಹೇಳಿಬಿಟ್ಟೆಯಲ್ಲ ಎಂದು ನಿನ್ನ ಮೇಲೆ ಸಿಟ್ಟು ಬಂದಿತ್ತು, ಈ ಅಂಕಿ ನೋಡಿದ ಮೇಲೆ ಅದೂ ಇಳಿಯಿತು.

ನೀನು ಕೇಳಿದ್ದು ಸರಿ. ಬೇರೆ ಬೇರೆ ಪುಟಗಳಲ್ಲಿ ಇದ್ದಷ್ಟೂ ನಂಬಿಕೆ ಏರುತ್ತದೆ. ಅಂದರೆ ಈ ಎರಡು ತಿಂಗಳಲ್ಲಿ ಅಲ್ಲಿ ಯಾರೋ ಅವನ ಬಗ್ಗೆ ಬರೆಯುತ್ತಿದ್ದಾರೆ. ಅದೇ ನನಗೆ ತಲೆಯಿಂದ ಹೋಗುತ್ತಿಲ್ಲ. ಜೊತೆಗಾರರೇ, ಕೊಠಡಿಯ ಗೆಳೆಯರೇ, ಅಥವಾ (ನಗಬೇಡ) ಯಾರಾದರೂ ಹುಡುಗಿಯೇ? ನಿನ್ನೆ ಬಸ್ಸಿನಲ್ಲಿ ಅವಳನ್ನು ಪೂರ್ತಿ ಕಲ್ಪಿಸಿಕೊಂಡೆ. ದಪ್ಪ ಕನ್ನಡಕ, ಜೋರು ಬಾಯಿ. ಅವನಿಗೆ ಜೋರು ಬಾಯಿಯವರೇ ಬೇಕು, ನಮ್ಮನ್ನು ನೋಡಿ ಬೆಳೆದವನಲ್ಲವೇ.

ನಿನ್ನ ಅಂಗಡಿಯ ಕುರ್ಚಿಗಳಿಗೆ ಸುತ್ತಿ ಬರುತ್ತಿದ್ದ ಹಳೇ ಪತ್ರಿಕೆಗಳನ್ನು ಬಿಡಿಸಿ ಅವನು ಗಟ್ಟಿಯಾಗಿ ಓದುತ್ತಿದ್ದ. ಹರಿದು ಅರ್ಧಕ್ಕೆ ನಿಂತ ಸುದ್ದಿಗೆಲ್ಲ ತಾನೇ ಕೊನೆ ಕಟ್ಟುತ್ತಿದ್ದ. ಕಳ್ಳ ಸಿಕ್ಕೇ ಸಿಗುತ್ತಿದ್ದ, ಮುಳುಗಿದ ದೋಣಿಯವರೆಲ್ಲ ಈಜಿ ದಡ ಸೇರುತ್ತಿದ್ದರು. ಓದುಗನಿಗೆ ಆ ಕಲೆ ಇನ್ನೂ ಬಂದಿಲ್ಲ.

ಮೂಲ ಪುಟಗಳನ್ನು ನೋಡಲು ಅನುಮತಿಗೆ ಬರೆದಿದ್ದೇನೆ. ಸಿಕ್ಕರೆ ಅವನ ಗೆಳೆಯರ ಹೆಸರೂ ಸಿಗುತ್ತದೆ, ನೇರ ಅವರಿಗೇ ಬರೆಯಬಹುದು.

ತಂಗಿ


ಜೂನ್ ೨

ಪಂಡಿತೆಗೆ,

ಭಾನುವಾರ ಅಮ್ಮ ಫೋನಿನಲ್ಲಿ ಕೇಳಿದ್ದಕ್ಕೆ ತೊಂಬತ್ತನಾಲ್ಕು ಎಂದು ನೀನೇ ಹೇಳಿಬಿಟ್ಟೆಯಂತೆ. ಅಮ್ಮ ಅದನ್ನು ಹಾಲಿನವಳಿಗೆ ಹೇಳಿ, ಹಾಲಿನವಳು ಬೀದಿಗೆಲ್ಲ ಹಂಚಿ, ಕೊನೆಗೆ ನನ್ನ ಅಂಗಡಿಗೇ ಬಂದು ‘ನಿಮ್ಮ ತಮ್ಮಂಗೆ ತೊಂಬತ್ತನಾಲ್ಕು ಬಂತಂತೆ, ಯಾವ ಪರೀಕ್ಷೆ?’ ಎಂದು ಕೇಳಿದರು. ದೊಡ್ಡ ಪರೀಕ್ಷೆ ಎಂದೆ.

ತೊಂಬತ್ತು ದಾಟಿದರೆ ಗಟ್ಟಿ ಎಂದು ಬರೆದವಳು ನೀನೇ. ನಾನು ಹೊರಟೆ. ನಾಡಿದ್ದು ರೈಲು. ನಿನ್ನ ಅತ್ತಿಗೆ ಅಂಗಡಿ ನೋಡಿಕೊಳ್ಳುತ್ತಾಳೆ. ನನಗಿಂತ ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ, ಅದೇ ಚಿಂತೆ.

ಅಮ್ಮ ಅವನಿಗೆ ಹೇಳಬೇಕಾದ ಮಾತನ್ನು ನನಗೆ ಬಾಯಿಪಾಠ ಮಾಡಿಸಿದ್ದಾಳೆ. ‘ಬೈಯಲ್ಲ ಅಂತ ಹೇಳು. ಯಾಕೆ ಬರೀಲಿಲ್ಲ ಅಂತ ಕೇಳಲ್ಲ ಅಂತ ಹೇಳು. ಮದುವೆ ಮಾಡ್ಕೊಂಡಿದ್ರೆ ಕರ್ಕೊಂಡು ಬರ್ಲಿ, ಮಾಡ್ಕೊಂಡಿಲ್ದಿದ್ರೂ ಬರ್ಲಿ.’ ಬಾಗಿಲ ತನಕ ಬಂದವಳು ಮತ್ತೆ ಕರೆದಳು. ‘ಬೈಯಲ್ಲ ಅನ್ನೋದನ್ನ ಮೊದಲು ಹೇಳು, ಇಲ್ಲಾಂದ್ರೆ ಮಿಕ್ಕಿದ್ದು ಕೇಳೋಕೆ ಅವನು ನಿಲ್ಲಲ್ಲ.’

ಬಂದರಿನಿಂದ ಬರೆಯುತ್ತೇನೆ. ಬಹುಶಃ ಇಬ್ಬರೂ ಸೇರಿ ಬರೆಯುತ್ತೇವೆ.

ಅಣ್ಣ


ಜೂನ್ ೫

ಅಣ್ಣ,

ಹೋಗಬೇಡ. ಹೊರಟಿದ್ದರೆ ವಾಪಸು ಬಾ. ಓದುಗ ತಪ್ಪು ಮಾಡುತ್ತದೆ, ಜ್ವರವನ್ನು ನೆಂಟ ಎಂದುಕೊಂಡದ್ದು ಅದೇ ತಾನೇ. ಇನ್ನಷ್ಟು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಅಮ್ಮನಿಗೆ ಏನೂ ಹೇಳಬೇಡ, ನೀನೂ ಏನೂ ಅಂದುಕೊಳ್ಳಬೇಡ.

ತಂಗಿ


ಜೂನ್ ೨೦

ಪಂಡಿತೆಗೆ,

ಬಂದರಿನ ಒಂದು ವಸತಿಗೃಹದಿಂದ ಬರೆಯುತ್ತಿದ್ದೇನೆ. ಕಿಟಕಿ ತೆಗೆದರೆ ತುಕ್ಕಿನ ವಾಸನೆ, ಮುಚ್ಚಿದರೆ ಹಿಂದಿನವನ ಬೀಡಿಯ ವಾಸನೆ. ನಿನ್ನ ಕಾಗದ ನಾನು ಬಂದ ಮೇಲೆ ಅಂಗಡಿ ಮುಟ್ಟಿತು. ನಿನ್ನ ಅತ್ತಿಗೆ ಫೋನಿನಲ್ಲಿ ಓದಿದಳು. ನನಗೆ ಅನಿಸಿದ್ದು ಹೇಳಲೇ? ಇವಳಿಗೆ ತನ್ನ ಯಂತ್ರದ ಮಾನದ ಚಿಂತೆ, ನಮ್ಮ ಚಿಕ್ಕೋನದಲ್ಲ ಎಂದು. ಆಗ ಹಾಗನಿಸಿತು.

ಗೇಟು ಗೇಟಿಗೂ ಅವನ ಫೋಟೋ ತೋರಿಸಿದೆ. ಇಲ್ಲಿ ಕ್ರೇನುಗಳು ಸಾಲಾಗಿ ನಿಂತಿವೆ, ಕುತ್ತಿಗೆ ಚಾಚಿ. ಮೇಲಿನ ಗಾಜಿನ ಡಬ್ಬಿಯೊಳಗೆ ಕೂತವನು ಕೆಳಗಿನಿಂದ ಬೆರಳಷ್ಟು ಕಾಣುತ್ತಾನೆ. ಒಂದೊಂದು ಡಬ್ಬಿಯೊಳಗೂ ನಮ್ಮವನೇ ಇದ್ದಾನೆ ಎನ್ನಿಸುತ್ತದೆ. ಇಳಿದು ಬಂದರೆ ಬೇರೆ ಯಾರೋ.

ಕೊನೆಗೆ ಕೂಲಿ ಕಚೇರಿಯ ಗುಮಾಸ್ತೆ ಕರುಣೆ ತೋರಿದಳು. ಹೆಸರನ್ನು ತನ್ನ ಕಂಪ್ಯೂಟರಿಗೆ ಹಾಕಿದಳು. ಅವಳ ಮುಖ ಅರಳಿತು.

‘ಇದಾರಲ್ರೀ ನಿಮ್ಮ ತಮ್ಮ! ಎಷ್ಟೊಂದು ಕಡೆ ಇದೆ. ಇಲ್ಲೇ ಕೆಲ್ಸದಲ್ಲಿದಾರಂತೆ.’

ಪರದೆಯನ್ನು ನನ್ನ ಕಡೆ ತಿರುಗಿಸಿದಳು. ‘ನುರಿತ ಕ್ರೇನ್ ಚಾಲಕ. ಸದ್ಯ ಬಂದರು ಪಟ್ಟಣದಲ್ಲಿ ಕೆಲಸ ಮಾಡುತ್ತಿದ್ದಾನೆ. ವಿವರವಿದ್ದವರು ಸಂಪರ್ಕಿಸಿ.’ ಕೆಳಗೆ ಒಂದು ಫೋನ್ ನಂಬರು. ‘ಇದಕ್ಕೆ ಮಾಡಿ ನೋಡೋಣ’ ಎಂದು ಅವಳೇ ಒತ್ತಿದಳು. ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

ಅವಳು ನನ್ನ ಜೇಬು ನೋಡಿದಳು, ನಾನು ಅವಳನ್ನು ನೋಡಿದೆ.

ಆ ಜಾಹೀರಾತು ನನ್ನದು. ಅವನು ಕಾಣೆಯಾದ ವರ್ಷದಿಂದ ಅಲ್ಲಲ್ಲಿ ಹಾಕುತ್ತಿದ್ದೆ. ನೀನು ಐವತ್ತೆಂಟು ಎಂದ ಮೇಲೆ ಕಂಡ ಕಂಡ ಕಡೆ ಹಾಕಿದೆ. ಯಂತ್ರಕ್ಕೆ ಹುಡುಕಲು ಸಹಾಯವಾಗಲಿ ಎಂದು, ನಾಯಿಗೆ ಬಟ್ಟೆಯ ವಾಸನೆ ತೋರಿಸಿದ ಹಾಗೆ. ಅದು ಆ ಬಟ್ಟೆಯನ್ನೇ ಕಚ್ಚಿ ತಂದು ನನ್ನ ಕಾಲ ಬಳಿ ಹಾಕುತ್ತದೆ ಎಂದು ಯಾರಿಗೆ ಗೊತ್ತಿತ್ತು? ‘ಕೆಲಸ ಮಾಡುತ್ತಿರಬಹುದು’ ಎಂದು ಬರೆಯಬೇಕಿತ್ತು. ಬರೆಯಲಿಲ್ಲ. ಅಂಗಡಿಯವನು ‘ಇರಬಹುದು’ ಎಂದು ಬೋರ್ಡು ಹಾಕುವುದಿಲ್ಲ. ‘ಇದೆ’ ಎನ್ನುತ್ತಾನೆ, ಆಮೇಲೆ ಹುಡುಕಿ ತರುತ್ತಾನೆ.

ಸರಿ, ಯಂತ್ರಕ್ಕೆ ಗೊತ್ತಿದ್ದದ್ದು ನಾನು ಹೇಳಿದ್ದು ಮಾತ್ರ. ಇದು ನಿನಗೆ ಜೂನ್ ಐದಕ್ಕೇ ತಿಳಿದಿತ್ತು ಎಂದು ಕಾಣುತ್ತದೆ. ಆದರೆ ಇಷ್ಟೇ ಆಗಿದ್ದರೆ ನೀನು ಬೈದು ನಾಲ್ಕು ಹಾಳೆ ಬರೆಯುತ್ತಿದ್ದೆ. ಇಷ್ಟು ಚಿಕ್ಕ ಕಾಗದವನ್ನು ನೀನು ಜೀವಮಾನದಲ್ಲಿ ಬರೆದಿಲ್ಲ. ನನ್ನದಲ್ಲದ ಪುಟ ಯಾವುದಾದರೂ ಇತ್ತೇ?

ಅಣ್ಣ


ಜೂನ್ ೨೭

ಅಣ್ಣನಿಗೆ,

ಇತ್ತು. ಒಂದು.

ಜೂನ್ ಮೂರರಂದು ಮೂಲ ಪುಟಗಳು ಕೈಗೆ ಬಂದವು. ನಾನು ಗೆಳೆಯರನ್ನು ಹುಡುಕುತ್ತಾ ಒಂದೊಂದೇ ತೆರೆದೆ. ಪ್ರತಿಯೊಂದರ ಅಡಿಯಲ್ಲೂ ನಿನ್ನ ನಂಬರು. ನನ್ನ ಕನ್ನಡಕದ ಹುಡುಗಿಯೂ ನೀನೇ ಅಣ್ಣ. ನಗು ಬಂತು, ನಿಜವಾಗಿ. ಮೇಡಂ ಕೂಡ ನಕ್ಕರು. ‘ಒಬ್ಬನೇ ಮನುಷ್ಯ ಬೇರೆ ಬೇರೆ ಕಡೆ ನಿಂತು ಕೂಗಿದರೆ ಊರೇ ಕೂಗಿದೆ ಅಂದ್ಕೊಳ್ಳುತ್ತೆ, ಪೆದ್ದು’ ಎಂದರು.

ಆಮೇಲೆ, ಅದೇ ಮಧ್ಯಾಹ್ನ, ಓದುಗ ನನ್ನ ಮುಂದೆ ಒಂದು ಸಾಲು ಇಟ್ಟಿತು. ಗಟ್ಟಿಯಾಗಿ ನಂಬಿದ್ದಕ್ಕೆ ಎದುರು ಮಾತು ಸಿಕ್ಕಾಗ ಅದು ಮನುಷ್ಯರನ್ನು ಕೇಳುತ್ತದೆ. ‘ಇಂಥವನು, ಕ್ರೇನ್ ಚಾಲಕ, ಮೃತಪಟ್ಟಿದ್ದಾನೆ. ನಂಬಿಕೆ ನಾಲ್ಕು. ಸರಿಯೇ, ತಪ್ಪೇ?’

ಆಗ ನನಗೆ ಮೂಲ ತೆರೆಯುವ ಅನುಮತಿ ಇತ್ತಲ್ಲ. ತೆರೆದೆ. ಬಂದರಿನಲ್ಲಿ ಕ್ರೇನುಗಳಿಗೆ ಕೆಳಗಿನಿಂದ ಕೈಸನ್ನೆ ಕೊಡುವ ಕೆಲಸದಲ್ಲಿದ್ದ ಒಬ್ಬ ಮುದುಕ. ನಿವೃತ್ತನಾದ ಮೇಲೆ, ಜೊತೆಗಿದ್ದು ಸತ್ತ ಕೆಲಸಗಾರರ ಬಗ್ಗೆ ತನ್ನದೇ ಒಂದು ಪುಟದಲ್ಲಿ ಬರೆಯುತ್ತಿದ್ದಾನೆ. ಯಾರೂ ಓದುವುದಿಲ್ಲ. ಅವನ ಮಾತನ್ನು ಹಾಗೇ ಇಳಿಸುತ್ತೇನೆ.

‘ನಾಲ್ಕನೇ ಕ್ರೇನಿನ ಹುಡುಗ ಗುತ್ತಿಗೆದಾರನ ಕಡೆಯವನು. ಕಂಪನಿಯ ಪುಸ್ತಕದಲ್ಲಿ ಅವನ ಹೆಸರಿಲ್ಲ. ಬಂದ ವರ್ಷವೇ, ಬಿರುಗಾಳಿ ಎದ್ದ ದಿನ, ಇಳಿಯುವಾಗ ಏಣಿಯಿಂದ ಬಿದ್ದ. ಇಳಿ ಎಂದು ಕೈ ಬೀಸಿದವನು ನಾನು. ತನ್ನ ಅಣ್ಣ ಬೇರೆಯವರು ಕೂತೆದ್ದ ಕುರ್ಚಿ ಮಾರುತ್ತಾನೆ, ಅದಕ್ಕೇ ತಾನು ಯಾರೂ ಕೂರದ ಕಡೆ ಬಂದು ಕೂತಿದ್ದೇನೆ ಎಂದು ನಮ್ಮನ್ನೆಲ್ಲ ನಗಿಸುತ್ತಿದ್ದ. ಮನೆ ಎಲ್ಲಿ ಎಂದು ಗೊತ್ತಾಗಲಿಲ್ಲ.’

ಮೇಲೆ ಅವನ ಹೆಸರಿತ್ತು. ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ.

ನಾನು ‘ತಪ್ಪು’ ಒತ್ತಿದೆ.

ಯೋಚಿಸಿ ಒತ್ತಿದ್ದಲ್ಲ. ಬಿಸಿ ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತದಲ್ಲ, ಹಾಗೆ. ಆದರೆ ಓದುಗ ನನ್ನನ್ನು ನಂಬುತ್ತದೆ. ಒಂದು ಪುಟ ಸುಳ್ಳು ಹೇಳಿತು ಎಂದರೆ ಆ ಬರೆದವನ ಉಳಿದ ಪುಟಗಳ ಮೇಲೂ ನಂಬಿಕೆ ಇಳಿಸುತ್ತದೆ, ನಾವೇ ಕಲಿಸಿದ್ದು. ಆ ಮುದುಕ ಬರೆದ ಎಲ್ಲರೂ ಈಗ ಅಲ್ಲಿ ಗಾಳಿಮಾತು. ನಿನ್ನ ಕೂಗಾಟ ನಿಜವಾಯಿತು, ಅವನ ಒಂದು ಮಾತು ಸುಳ್ಳಾಯಿತು.

ಫೋನಿನಲ್ಲಿ ಹೇಳುವ ಧೈರ್ಯವಿರಲಿಲ್ಲ, ನಿನಗೆ ಹೇಗೆ ಬರೆಯಲಿ ಎಂದೂ ತಿಳಿಯದೆ ಆ ಚಿಕ್ಕ ಕಾಗದ ಬರೆದೆ. ಅಣ್ಣ, ನೀನು ಅಲ್ಲೇ ಇದ್ದೀಯ. ಹೋಗಿ ನೋಡು. ಮುದುಕನ ವಿಳಾಸ ಹಾಳೆಯ ಹಿಂದೆ ಬರೆದಿದ್ದೇನೆ. ಅವನು ಹುಚ್ಚ, ಸುಳ್ಳ, ನೆನಪು ಕೆಟ್ಟವನು ಎಂದಾದರೆ ತಂತಿಯಷ್ಟು ಬೇಗ ತಿಳಿಸು.

ತಂಗಿ


ಜುಲೈ ೧೧

ತಂಗೀ,

ಮುದುಕ ಸುಳ್ಳನಲ್ಲ.

ರಿಪೇರಿ ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲಿ ಮಹಡಿಯ ಮನೆ. ಬಾಗಿಲು ತೆಗೆದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಕರೆದು, ಇದ್ದ ಒಂದೇ ಕುರ್ಚಿಯನ್ನು ನನ್ನ ಮುಂದೆ ಎಳೆದ. ನಾನು ಅಭ್ಯಾಸಬಲದಿಂದ ಅದರ ಕಾಲು ಅಲುಗಿಸಿ ನೋಡಿದೆ.

‘ಕುರ್ಚಿ ಅಣ್ಣನಾ ನೀವು?’ ಎಂದ.

ಹೌದು ಎಂದೆ. ಅವನು ಹಾಸಿಗೆಯ ಅಂಚಿನಲ್ಲಿ ಕೂತ.

ನಾನು ಕೇಳಿದೆ, ‘ನಮ್ಮನ್ನ ಹುಡುಕಲಿಲ್ವಾ ಯಜಮಾನ್ರೇ?’

‘ಹುಡುಕ್ದೆ ಸ್ವಾಮಿ. ಮೊಮ್ಮಗಳು ಅದನ್ನೆಲ್ಲ ನೋಡೋಕೆ ಕಲಿಸಿದ್ಲು. ಮೊದಲು ಹುಡುಕಿದ್ದೇ ಇವನ ಹೆಸರು. ಸಿಕ್ತು. ಆದ್ರೆ ಎಲ್ಲಾ ಕಡೆ, ಇಲ್ಲೇ ಬಂದರಿನಲ್ಲಿ ಕೆಲ್ಸ ಮಾಡ್ತಿದಾನೆ ಅಂತಿತ್ತು. ಯಾವನೋ ಕೂಲಿ ಏಜೆಂಟ್ ಹಾಕಿದ ಹಾಗಿತ್ತು. ಸತ್ತೋನು ಕೆಲ್ಸ ಮಾಡ್ತಾನಾ? ಅದೇ ಹೆಸರಿನ ಬೇರೆ ಯಾರೋ ಇರ್ಬೇಕು, ಬದುಕಿರೋರ ಮನೆಗೆ ಫೋನ್ ಮಾಡಿ ಸಾವಿನ ಸುದ್ದಿ ಹೇಳೋದು ಬೇಡ ಅಂತ ಬಿಟ್ಬಿಟ್ಟೆ.’

ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ಮನುಷ್ಯ ನಾನು. ಅಂಗಡಿ ಖಾಲಿಯಾಗಿತ್ತು.

ಸ್ಮಶಾನಕ್ಕೆ ಕರೆದುಕೊಂಡು ಹೋಗಿ ತೋರಿಸಿದ. ಗೋಡೆಯ ಪಕ್ಕ, ಒಂದು ಮರ. ಅಲ್ಲಿ ಗುತ್ತಿಗೆಯವರಿಗೆ ಕಲ್ಲು ನಿಲ್ಲಿಸುವುದಿಲ್ಲ. ಮುದುಕ ಒಂದು ಕಬ್ಬಿಣದ ಪಟ್ಟಿ ನೆಟ್ಟು ‘ನಾಲ್ಕು’ ಎಂದು ಬಣ್ಣದಲ್ಲಿ ಬರೆದಿದ್ದಾನೆ, ಪ್ರತಿ ವರ್ಷ ಬಣ್ಣ ಹಚ್ಚುತ್ತಾನಂತೆ. ಅವನ ಎದುರಿಗೇ ನಾನು ಅಮ್ಮ ಬಾಯಿಪಾಠ ಮಾಡಿಸಿದ್ದನ್ನು ಒಪ್ಪಿಸಿದೆ. ಬೈಯಲ್ಲ ಎನ್ನುವುದನ್ನು ಮೊದಲು ಹೇಳಿದೆ. ಮುದುಕ ಆಚೆ ತಿರುಗಿ ನಿಂತಿದ್ದ.

ನೀನು ಒತ್ತಿದ್ದರ ಬಗ್ಗೆ ನನಗೆ ಸಿಟ್ಟಿಲ್ಲ. ನನ್ನ ಕೈಗೆ ಆ ಗುಂಡಿ ಕೊಟ್ಟಿದ್ದರೆ ನಾನೂ ಅದನ್ನೇ ಒತ್ತುತ್ತಿದ್ದೆ, ಎರಡು ಸಲ. ಆದರೆ ಈಗ ಸರಿ ಎಂದು ಒತ್ತು. ಚಿಕ್ಕೋನಿಗೋಸ್ಕರ ಅಲ್ಲ, ಅವನಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಆ ಮುದುಕ ಸುಳ್ಳ ಎಂದು ಎಲ್ಲಿಯೂ ಉಳಿಯಬಾರದು.

ನಾಳೆ ಹೊರಡುತ್ತೇನೆ. ಅಮ್ಮನಿಗೆ ನಾನೇ ಹೇಳುತ್ತೇನೆ.

ಅಣ್ಣ


ಆಗಸ್ಟ್ ೨

ಅಣ್ಣನಿಗೆ,

ಒತ್ತಿದೆ. ಮೇಡಂಗೆ ಎಲ್ಲ ಹೇಳಿ, ಅವರ ಎದುರಿಗೇ ಒತ್ತಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು, ಅಷ್ಟೇ.

ಮುದುಕನ ಪುಟಗಳ ಮೇಲೆ ಓದುಗನಿಗೆ ಮತ್ತೆ ನಂಬಿಕೆ ಬಂತು. ಅದರ ಫಲ ಏನಾಯಿತು ಗೊತ್ತೇ? ಅವನು ಬರೆದಿದ್ದ ಉಳಿದವರೂ ಒಬ್ಬೊಬ್ಬರಾಗಿ ಅಲ್ಲಿ ಸತ್ತರು. ಒಬ್ಬ ಬೆಸುಗೆಯವನು, ಒಬ್ಬ ಹಗ್ಗ ಕಟ್ಟುವವನು, ಅಣ್ಣತಮ್ಮಂದಿರಿಬ್ಬರು. ಪರದೆಯ ಮೇಲೆ ಸಾಲುಗಳು ಬದಲಾಗುವುದನ್ನು ನೋಡುತ್ತಾ ಕೂತೆ. ಇವರನ್ನೂ ಯಾರೋ ಎಲ್ಲೋ ಕಾಯುತ್ತಿರಬಹುದು, ಅವರ ತಂಗಿಯರಿಗೆ ಈ ಕೆಲಸ ಇಲ್ಲ.

ಆದರೆ ನಮ್ಮವನ ಅಂಕಿ ಒಂದೇ ಸಲಕ್ಕೆ ಇಳಿಯಲಿಲ್ಲ. ತೊಂಬತ್ತನಾಲ್ಕರಿಂದ ಎಪ್ಪತ್ತಕ್ಕೆ ಬಂದು ನಿಂತಿದೆ. ನನ್ನ ಒಂದು ‘ಸರಿ’ ಒಂದು ಕಡೆ, ನೀನು ಹಾಕಿದ ಅಷ್ಟೂ ಪುಟಗಳು ಇನ್ನೊಂದು ಕಡೆ. ಕೈಯಿಂದ ಅಳಿಸಿಬಿಡಿ ಎಂದೆ. ಮೇಡಂ ತಲೆಯಾಡಿಸಿದರು. ‘ನಾವು ಒಂದನ್ನ ಕೈಯಿಂದ ಅಳಿಸಿದ್ರೆ ಅದು ಕಲಿಯೋದು ಏನು? ಓದಿಯೇ ತಿಳ್ಕೋಬೇಕು.’

ಆ ಪುಟಗಳು ಇಳಿಯಬೇಕು ಅಣ್ಣ. ಅದು ನಿನ್ನ ಕೈಯಲ್ಲೇ ಇದೆ. ಇದನ್ನು ನಿನಗೆ ಬರೆಯಬೇಕಾಗಿ ಬಂತಲ್ಲ.

ಭಾನುವಾರ ಫೋನು ಮಾಡಿದಾಗ ಅಮ್ಮ ಎಂದಿನ ಹಾಗೇ ‘ಎಷ್ಟಿದೆ?’ ಎಂದಳು. ನೀನು ಹೇಳಿದ್ದೀಯೋ ಇಲ್ಲವೋ ತಿಳಿಯಲಿಲ್ಲ. ಎಪ್ಪತ್ತು ಎಂದೆ. ‘ಪರವಾಗಿಲ್ಲ’ ಎಂದಳು.

ತಂಗಿ


ಸೆಪ್ಟೆಂಬರ್ ೧೪

ತಂಗೀ,

ನಾನು ಬಂದ ದಿನವೇ ಹೇಳಿದ್ದೆ. ಬಾಗಿಲಲ್ಲೇ, ಚೀಲ ಇಳಿಸುವ ಮೊದಲು. ಅಮ್ಮ ಪೂರ್ತಿ ಕೇಳಿದಳು. ಮುದುಕನ ಬಗ್ಗೆ, ಮರದ ಬಗ್ಗೆ, ಎಲ್ಲ. ಆಮೇಲೆ ಕೇಳಿದಳು, ‘ಯಂತ್ರ ಏನಂತಿದೆ?’

‘ಅದಕ್ಕೇನಮ್ಮಾ ಗೊತ್ತು?’

‘ಅದು ಇಡೀ ಲೋಕ ಓದಿದೆ. ನೀನೇನು ಓದಿದೀಯಾ? ಏಳನೇ ಕ್ಲಾಸು.’

ಅದಕ್ಕೆ ಬರೆದು ಹಾಕಿದ್ದು ನಾನೇ, ಅದು ನನ್ನ ಮಾತನ್ನೇ ಓದಿ ಹೇಳುತ್ತಿದೆ ಎಂದೆ. ಅಮ್ಮ ನನ್ನನ್ನು ದಿಟ್ಟಿಸಿದಳು. ‘ನೀನು ಬರೆದಿದ್ದು ನಿಜ ಇರಬಾರ್ದಾ?’ ಎಂದಳು. ಈ ವ್ಯಾಪಾರದಲ್ಲಿ ನನ್ನನ್ನು ಯಾರೂ ಇಷ್ಟು ಚೌಕಾಸಿ ಮಾಡಿಲ್ಲ.

ಅಂದಿನಿಂದ ಅಂಗಡಿ ಮುಚ್ಚಿ ಬಂದು ಇದೇ ಕೆಲಸ. ಒಂದೊಂದೇ ಜಾಹೀರಾತು ಹುಡುಕುವುದು, ಅಳಿಸುವುದು. ಕೆಲವಕ್ಕೆ ಗುಪ್ತಪದ ಮರೆತಿದೆ, ಕೆಲವಕ್ಕೆ ಯಜಮಾನರೇ ಇಲ್ಲ. ಒಬ್ಬ ಜಾಲತಾಣದವನು ‘ಯಾಕೆ ತೆಗೀಬೇಕು? ಮಾಹಿತಿ ತಪ್ಪಾ?’ ಎಂದು ಕಾರಣ ಕೇಳಿದ. ಹೌದು, ತಪ್ಪು ಎಂದು ಒತ್ತಿದೆ. ನೀನು ಅಂದು ಒತ್ತಿದ್ದು ಎಷ್ಟು ಭಾರ ಇತ್ತು ಎಂದು ಆಗ ತಿಳಿಯಿತು. ಒಂದೊಂದು ಅಳಿಸಿದಾಗಲೂ ಅವನನ್ನು ನಾನೇ ಏಣಿಯ ಒಂದೊಂದು ಮೆಟ್ಟಿಲು ಕೆಳಗೆ ತರುತ್ತಿದ್ದೇನೆ ಎನ್ನಿಸುತ್ತಿತ್ತು.

ನಿನ್ನ ಅತ್ತಿಗೆ ಒಮ್ಮೆ ಬಂದು ಪಕ್ಕದಲ್ಲಿ ನಿಂತಳು. ‘ಎಲ್ಲಾ ತೆಗ್ದುಬಿಟ್ರೆ ಅವನ ಬಗ್ಗೆ ಏನು ಉಳಿಯುತ್ತೆ?’ ಎಂದಳು. ಮುದುಕನ ಒಂದು ಪುಟ ಉಳಿಯುತ್ತದೆ ಎಂದೆ.

ಅಮ್ಮ ಮಾತ್ರ ಭಾನುವಾರ ಬಿಡಲಿಲ್ಲ. ನಿನಗೆ ಗೊತ್ತಲ್ಲ, ಐವತ್ತೈದು ಎಂದಾಗ ‘ಇನ್ನೂ ಪಾಸೇ’ ಎಂದವಳು, ನಲವತ್ತಕ್ಕೆ ಇಳಿದಾಗ ಹಾಲಿನವಳ ಹತ್ತಿರ ಆ ಮಾತು ನಿಲ್ಲಿಸಿದಳು. ನಾನು ಎದುರು ಕೂತಿರುತ್ತಿದ್ದೆ. ನೀನು ಅಂಕಿ ಹೇಳುತ್ತಿದ್ದೆ, ಅಮ್ಮ ಹೂಂ ಎನ್ನುತ್ತಿದ್ದಳು. ಅಳುವುದಿರಲಿ, ಅವನ ಫೋಟೋ ಕಡೆಯೂ ನೋಡುತ್ತಿರಲಿಲ್ಲ.

ನಿನ್ನೆ ನೀನು ಅಂಕಿ ಹೇಳಲಿಲ್ಲ. ‘ಅಮ್ಮಾ, ಸಾಲು ಬದಲಾಗಿದೆ, ಅವನಿಲ್ಲ ಅಂತಿದೆ’ ಎಂದೆ. ಆಮೇಲೆ ನೀನು ಅಮ್ಮಾ, ಅಮ್ಮಾ ಎಂದು ಕರೆದದ್ದು ನನಗೂ ಕೇಳಿಸಿತು. ಅಮ್ಮ ಫೋನು ಇಟ್ಟುಬಿಟ್ಟಳು ಎಂದು ನೀನು ಗಾಬರಿಯಾಗಿರುತ್ತೀಯ. ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ.

ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಹತ್ತಿರ ಹೋದೆ. ಕೈ ಎತ್ತಿ ತಡೆದಳು. ಆಮೇಲೆ, ಪಕ್ಕದ ಮನೆಯ ಮಗುವಿಗೆ ಏಟು ಬಿದ್ದದ್ದನ್ನು ಹೇಳುವ ದನಿಯಲ್ಲಿ ಹೇಳಿದಳು:

‘ಸಾಕು, ಇನ್ನು ಅದನ್ನ ಕೇಳಬೇಡಿ. ಪಾಪ, ಅದಕ್ಕೂ ಗೊತ್ತಾಗೋಯ್ತಲ್ಲ.’

ಅಣ್ಣ